ನೂರ ಮೂವತ್ತೈದು ಮೈಲಿ ಓಡಿದ ಕಾರು

ಕಂತು ಏಳು

"ಮುಟ್ಟೋಕೆ ಮುಂಚೆ ಕೈ ಒರೆಸ್ಕೊಳ್ಳಿ," ಎಂದು ಹಾರ್ಲನ್ ಗೋಫೋರ್ತ್ ಒಗೆದು ಮಡಿಸಿದ ಬಿಳಿ ಬಟ್ಟೆಯೊಂದನ್ನು ಲೊರೇನಳ ಕಡೆಗೆ ಎಸೆದ.

ಲೊರೇನ್ ಕ್ರೌಸ್ ಕೈ ಒರೆಸಿಕೊಂಡಳು. ಕದ್ದ ವಾಹನಗಳ ಪತ್ತೆಯಲ್ಲೇ ಇಪ್ಪತ್ತೆರಡು ವರ್ಷ ಪೊಲೀಸ್ ನೌಕರಿ ಮಾಡಿ ನಿವೃತ್ತಳಾದವಳು ಅವಳು. ಇಷ್ಟು ಜತನವಾಗಿ ಇಟ್ಟ ಕಾರನ್ನು ಪ್ರದರ್ಶನಗಳಲ್ಲಿ ನೋಡಿದ್ದಳೇ ಹೊರತು, ಸೀಸದ ಗಣಿಯಲ್ಲಿ ದುಡಿದು ಮುದುಕನಾದವನ ಶೆಡ್ಡಿನಲ್ಲಿ ನೋಡಿರಲಿಲ್ಲ.

1963ರ ಕಾರ್ವೆಟ್. ಬೆಳ್ಳಿ ಬೆರೆತ ನೀಲಿ ಬಣ್ಣ. ಹಿಂದಿನ ಗಾಜನ್ನು ನಡುವೆ ಎರಡಾಗಿಸುವ ಪಟ್ಟಿ. ಆ ಒಂದೇ ವರ್ಷ ಹಾಗೆ ಮಾಡಿದ್ದರು. ಟೈರು ಚಪ್ಪಟೆಯಾಗದಿರಲೆಂದು ನಾಲ್ಕು ಕಡೆಯೂ ಮರದ ದಿಮ್ಮಿ ಕೊಟ್ಟು ಎತ್ತಿಟ್ಟಿದ್ದರು. ಕೆಳಗಿನ ಸಿಮೆಂಟಿನ ಮೇಲೆ ಒಂದು ತೊಟ್ಟು ಎಣ್ಣೆಯೂ ಬಿದ್ದಿರಲಿಲ್ಲ.

ಬಾಗಿಲ ಬಳಿ ತೆರೇಸಾ ಬ್ರೋಜೆಕ್ ಕೈಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳು ಲೊರೇನಳ ದೊಡ್ಡಮ್ಮನ ಮಗಳೆಂದೂ, ಇಬ್ಬರೂ ಪತ್ರಿಕೆಯ ಜಾಹೀರಾತು ನೋಡಿ ಕಾರು ಕೊಳ್ಳಲು ಬಂದವರೆಂದೂ ಹಾರ್ಲನ್‌ಗೆ ಹೇಳಿದ್ದಾಗಿತ್ತು. ನಿಜವೆಂದರೆ ತೆರೇಸಾ ಹುಡುಕಿ ಬಂದದ್ದು ತನ್ನ ತಮ್ಮನನ್ನು. 1966ರ ಅಕ್ಟೋಬರ್ 14ರಂದು ಗ್ರಾನಿಟ್ ಸಿಟಿಯಿಂದ ಇದೇ ಬಣ್ಣದ ಕಾರ್ವೆಟ್‌ನೊಡನೆ ಕಾಣೆಯಾದ, ಇಪ್ಪತ್ತನಾಲ್ಕು ವರ್ಷದ ಕಾಜ್ ಲುಕಾಸಿಕ್‌ನನ್ನು.

"ಎಷ್ಟು ಓಡಿದೆ?" ಲೊರೇನ್ ಕೇಳಿದಳು.

"ಮೀಟರ್ ಇದೆ. ಓದ್ಕೊಳ್ಳಿ. ಕನ್ನಡಕ ಬೇಕಾ?"

"ಕಣ್ಣು ಚೆನ್ನಾಗೇ ಇದೆ. ಮೀಟರ್ ಸುಳ್ಳು ಹೇಳ್ತಿದ್ಯಾ ಅಂತ ನೋಡ್ಬೇಕಷ್ಟೆ."

"ನಮ್ಮನೇಲಿ ಮೀಟರ್ ಸುಳ್ಳು ಹೇಳಲ್ಲಮ್ಮ."

"ಮಿಕ್ಕೋರು?"

ಹಾರ್ಲನ್ ನಗಲಿಲ್ಲ. ಆರಡಿ ಮೂರಂಗುಲದ ಆಳು. ಎಪ್ಪತ್ತರ ಮೇಲಾಗಿದ್ದರೂ ಭುಜ ಬಾಗಿರಲಿಲ್ಲ. ಗೋಡೆಗೆ ಒರಗಿ ಕೈಕಟ್ಟಿ, ಅವಳ ಬೆರಳು ಹೋದಲ್ಲೆಲ್ಲ ಕಣ್ಣು ಹಾಯಿಸುತ್ತಿದ್ದ.

ಲೊರೇನ್ ಚಾಲಕನ ಬಾಗಿಲು ತೆಗೆದಳು. ಒಳಗೆ ಕೂರಲು ಹೋದವಳ ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು. ಅವಳದ್ದು ಸಾಧಾರಣ ಎತ್ತರ. ಸೀಟು ತೀರಾ ಮುಂದಕ್ಕೆ ಬಂದಿತ್ತು. ಹಿಂದೆ ಸರಿಸಲು ಕೆಳಗಿನ ಸರಳನ್ನು ಎಳೆದಳು. ಅದು ಅಲ್ಲಾಡಲಿಲ್ಲ. ಹಳಿಯ ಮೇಲೆ ತುಕ್ಕಿನ ತೆಳ್ಳನೆಯ ಪದರ ಕೂತಿತ್ತು. ಇಡೀ ಕಾರಿನಲ್ಲಿ ಅವಳು ಕಂಡ ತುಕ್ಕು ಅದೊಂದೇ.

"ಇದನ್ನ ಯಾರು ಓಡಿಸ್ತಿದ್ರು?"

"ನಾನೇ."

"ನೀವಾ?"

"ಯಾಕೆ, ಗಣಿಯೋರು ಒಳ್ಳೇ ಕಾರು ಓಡಿಸ್ಬಾರ್ದಾ?"

ಲೊರೇನ್ ಅವನ ಕಾಲುಗಳತ್ತ ಒಮ್ಮೆ ನೋಡಿದಳು. ಆ ಕಾಲು ಈ ಸೀಟಿನಲ್ಲಿ ಮಡಚಿದರೂ ಹಿಡಿಸುವಂತಿರಲಿಲ್ಲ.

ಬಾಗಿಲ ಅಂಚಿನಲ್ಲಿ ಎಣ್ಣೆ ಬದಲಿಸಿದ ಅಂಗಡಿಯವರ ಚೀಟಿ ಇನ್ನೂ ಅಂಟಿಕೊಂಡಿತ್ತು. ಪೆನ್ಸಿಲಿನಲ್ಲಿ ಬರೆದದ್ದು: ಅಕ್ಟೋಬರ್ 13, 1966. 8412 ಮೈಲಿ. ಮೀಟರಿನಲ್ಲಿದ್ದದ್ದು 8547.

ಮನಸ್ಸಿನಲ್ಲೇ ಕಳೆದಳು. ನೂರ ಮೂವತ್ತೈದು. ಈ ದಿನ ಬೆಳಿಗ್ಗೆ ತನ್ನ ಗಾಡಿಯಲ್ಲಿ ಗ್ರಾನಿಟ್ ಸಿಟಿಯಿಂದ ನದಿ ದಾಟಿ ಈ ಗುಡ್ಡದ ಊರಿಗೆ ಬಂದಾಗ ಮೀಟರ್ ತೋರಿಸಿದ್ದು ನೂರ ಇಪ್ಪತ್ತೆಂಟು. ಅಂದರೆ ಕಾಜ್ ಕಾಣೆಯಾದ ದಿನ ಈ ಕಾರು ನೇರವಾಗಿ ಇಲ್ಲಿಗೆ ಬಂದಿತ್ತು. ಆಮೇಲೆ ಎಲ್ಲಿಗೂ ಹೋಗಿರಲಿಲ್ಲ.

ಕದ್ದವನು ಮಾರುತ್ತಾನೆ, ಇಲ್ಲವೆ ಓಡಿಸುತ್ತಾನೆ. ಮೂವತ್ತು ವರ್ಷ ಬಟ್ಟೆಯಿಂದ ಒರೆಸುತ್ತ ಕೂರುವ ಕಳ್ಳನನ್ನು ಲೊರೇನ್ ಕಂಡಿರಲಿಲ್ಲ.

ಅವಳು ತಲೆಯ ಮೇಲಿನ ಬಿಸಿಲುಮರೆಯನ್ನು ಮೆಲ್ಲಗೆ ಕೆಳಗಿಳಿಸಿದಳು. ಅದರ ಹಿಂದೆ ಅಂಚೆಚೀಟಿಯಷ್ಟು ಪುಟ್ಟ ಚಿತ್ರ. ಕಪ್ಪು ಮುಖದ ಮೇರಿಮಾತೆ, ತೋಳಿನಲ್ಲಿ ಮಗು. ಜಾಹೀರಾತಿನ ಕೊನೆಯ ಸಾಲಿನಲ್ಲಿ ಇದರ ಮಾತಿತ್ತು. ಅದನ್ನು ಓದಿಯೇ ತೆರೇಸಾ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಿದ್ದಳಂತೆ. ಕಾರು ಮನೆಗೆ ಬಂದ ದಿನ ಅದನ್ನು ಅಂಟಿಸಿದ್ದವಳು ಅವಳೇ.

ಬಾಗಿಲ ಬಳಿಯಿಂದ ತೆರೇಸಾಳ ಹೆಜ್ಜೆಯ ಸದ್ದು ಬಂತು. ಲೊರೇನ್ ತಿರುಗಲಿಲ್ಲ.

"ಆ ಚಿತ್ರ ಬೇಡವಾದ್ರೆ ಕಿತ್ತು ಕೊಡ್ತೀನಿ," ಎಂದ ಹಾರ್ಲನ್. "ಪೇಪರ್‌ನಲ್ಲಿ ಅದನ್ನೂ ಬರೆಸಿದ್ದಾಳೆ ನನ್ನ ತಂಗಿ. ನನ್ನ ಕೇಳಿದ್ರೆ ತಾನೆ?"

"ಇರ್ಲಿ ಬಿಡಿ. ಕೆಳಗೆ ನೋಡ್ಬಹುದಾ?"

"ಕಾರು ಕೊಳ್ಳೋಕೆ ಬಂದ್ರೋ, ಅದಕ್ಕೆ ಆಪರೇಷನ್ ಮಾಡೋಕೆ ಬಂದ್ರೋ?"

"ನನ್ನ ಮೊದಲ ಗಂಡನ್ನ ಸರಿಯಾಗಿ ನೋಡ್ದೆ ಕಟ್ಕೊಂಡೆ. ಅವತ್ತಿಂದ ಎಲ್ಲಾನೂ ಕೆಳಗಿಂದ ನೋಡ್ತೀನಿ."

ಈ ಸಲ ಅವನ ಮೀಸೆಯ ತುದಿ ಸ್ವಲ್ಪ ಅಲುಗಿತು. ಕೈಯಾಡಿಸಿ ಒಪ್ಪಿಗೆ ಕೊಟ್ಟ.

ಅವಳು ಮೊದಲು ಗ್ಲೋವ್ ಬಾಕ್ಸಿನ ಕೆಳಗೆ ಟಾರ್ಚ್ ಬಿಟ್ಟಳು. ಕಾರ್ಖಾನೆ ಪ್ರತಿ ಕಾರಿಗೂ ಕೊಡುವ ನಂಬರಿನ ತಗಡು ಅಲ್ಲಿರುತ್ತದೆ. ಕಾರ್ಖಾನೆಯಲ್ಲಿ ಅದನ್ನು ಬೆಸುಗೆ ಹಾಕಿ ಕೂರಿಸುತ್ತಿದ್ದರು. ಈ ತಗಡನ್ನು ಹಿಡಿದಿದ್ದದ್ದು ಎರಡು ರಿವೆಟ್ ಮೊಳೆ. ಯಾರೋ ಹಳೆಯದನ್ನು ಕಿತ್ತು ಬೇರೊಂದನ್ನು ಕೂರಿಸಿದ್ದರು.

ಆದರೆ ಅದೇ ನಂಬರನ್ನು ಕಾರ್ಖಾನೆಯವರು ಕಾರಿನ ತಳದ ಚೌಕಟ್ಟಾದ ಚಾಸಿಯ ಮೇಲೂ ಒತ್ತುತ್ತಿದ್ದರೆಂಬುದು ಎಲ್ಲರಿಗೂ ಗೊತ್ತಿರುವುದಿಲ್ಲ. ಲೊರೇನ್ ಸಿಮೆಂಟಿನ ಮೇಲೆ ಅಂಗಾತ ಮಲಗಿ ಕಾರಿನಡಿ ಸರಿದಳು. ಮೂತಿಯಿಂದ ಹಿಂದಿನವರೆಗೆ ಬೆಳಕು ಹಾಯಿಸುತ್ತ ಹೋಗಿ, ಎಡ ಹಿಂಗಾಲಿಯ ಹತ್ತಿರ ಹಲ್ಲಿನ ವೈದ್ಯರ ಪುಟ್ಟ ಕನ್ನಡಿ ಹಿಡಿದಳು. ಕನ್ನಡಿಯಲ್ಲಿ ಅಂಕಿಗಳು ತಿರುಗಾಮುರುಗಾ ಮೂಡಿದವು. ಕೊನೆಯ ನಾಲ್ಕು: 1186.

ತೆರೇಸಾ ಮೂವತ್ತು ವರ್ಷ ಬೈಬಲ್ಲಿನೊಳಗೆ ಇಟ್ಟುಕೊಂಡಿದ್ದ, ಕಾರು ಕೊಂಡ ರಸೀದಿಯ ಕೊನೆಯ ಅಂಕಿಗಳೂ ಅವೇ.

ಲೊರೇನ್ ಕಾರಿನಡಿಯಿಂದ ಹೊರಬರುವಷ್ಟರಲ್ಲಿ ಶೆಡ್ಡಿನ ಬಾಗಿಲು ಗಡಗಡ ಇಳಿದು ನೆಲಕ್ಕೆ ಬಡಿಯಿತು. ಮಧ್ಯಾಹ್ನದ ಬಿಸಿಲು ಕಡಿದುಹೋಯಿತು. ಪಕ್ಕದ ಕಿಟಕಿಯಿಂದ ಬಂದ ಬೆಳಕಿನಲ್ಲಿ ಹಾರ್ಲನ್ ಬಾಗಿಲಿಗೆ ಬೆನ್ನುಕೊಟ್ಟು ನಿಂತಿದ್ದ.

"ಕೊಳ್ಳೋರು ಮೊದ್ಲು ಇಂಜಿನ್ ಸದ್ದು ಕೇಳ್ತಾರೆ. ನೀವು ಬಾನೆಟ್ಟೇ ಎತ್ತಿಸ್ಲಿಲ್ಲ. ಯಾರು ನೀವು?"

"ಬಾಗಿಲು ತೆಗೀರಿ ಗೋಫೋರ್ತ್."

"ಯಾರು ನೀವು ಅಂದೆ."

"ಈ ಕಾರಿನ ನಂಬರ್ ಬದಲಾಯಿಸಿದೋರು ಯಾರು ಅಂತ ತಿಳ್ಕೊಳ್ಳೋಕೆ ಬಂದೋಳು. ತಗಡು ನೀವು ಹಾಕಿದ್ದು ತಾನೆ?"

"ಹೌದು, ನಾನೇ. ಗುಜರಿಯಿಂದ ತಂದು ಹಾಕ್ದೆ. ಏನೀಗ?"

"ಇದರ ಯಜಮಾನ ಎಲ್ಲಿ?"

ಹಾರ್ಲನ್ ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತ. ಅವನ ದವಡೆ ಬಿಗಿಯಿತು. ಲೊರೇನ್ ಗೋಡೆಯ ಮೇಲೆ ಸಾಲಾಗಿ ತೂಗಿದ ಸ್ಪಾನರುಗಳನ್ನೂ, ತನಗೂ ಅವಕ್ಕೂ ಇರುವ ದೂರವನ್ನೂ ಅಳೆದುಕೊಂಡಳು.

ಆಗ ತೆರೇಸಾ ಮುಂದೆ ಬಂದಳು. ಮಾತಾಡಬೇಡಿ ಎಂದು ಲೊರೇನ್ ದಾರಿಯುದ್ದಕ್ಕೂ ಹೇಳಿದ್ದಳು. ಅದೆಲ್ಲ ಅವಳಿಗೆ ಮರೆತುಹೋಗಿತ್ತು.

"ನಾನು ಕಾಜ್‌ನ ಅಕ್ಕ," ಎಂದಳು. ಕಣ್ಣು ಅವನ ಮುಖದಿಂದ ಕದಲಲಿಲ್ಲ. "ತೆರೇಸಾ. ನೀವು ಅವನನ್ನ ಕೊಂದಿದ್ರೆ ಹೇಳ್ಬಿಡಿ. ಎಲ್ಲಿ ಹೂತಿದ್ದೀರಿ ಅಂತ ಹೇಳಿ. ಇನ್ನೇನೂ ಕೇಳಲ್ಲ ನಾನು."

ಹಾರ್ಲನ್ ಬೆಚ್ಚುತ್ತಾನೆ, ಇಲ್ಲವೇ ಮೇಲೆ ಬೀಳುತ್ತಾನೆ ಎಂದುಕೊಂಡಿದ್ದಳು ಲೊರೇನ್. ಎರಡೂ ಆಗಲಿಲ್ಲ. ಅವನು ತೆರೇಸಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕೆಸರಿನಲ್ಲಿ ಕಾಲಿಟ್ಟವನಂತೆ ಅವನ ಮುಖ ಕಿವುಚಿಕೊಂಡಿತು.

"ನೀನಾ? ನಾಚಿಕೆ ಆಗಲ್ವಾ ನಿಂಗೆ? ಅವನು ಬದುಕಿರೋ ತನಕ ಅಂಥ ಪತ್ರ ಬರೆದೆ. ಒಂದ್ಸಲ ಬಂದು ಮುಖ ನೋಡ್ಲಿಲ್ಲ. ಈಗ ಕಾರಿಗೆ ಬಂದ್ಯಾ?"

"ಪತ್ರ?" ಎಂದಳು ತೆರೇಸಾ.

"ಯಾವ ಪತ್ರ ಅಂತ ಬೇರೆ ಕೇಳ್ತೀಯಾ?"

"ಅಣ್ಣಾ, ಸಾಕು."

ಮನೆಯಿಂದ ಶೆಡ್ಡಿಗೆ ಬರುವ ಒಳಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಹಾರ್ಲನ್‌ನ ತಂಗಿ ಇಡೆಲ್ಲಾ. ಐವತ್ಮೂರು ವಯಸ್ಸು, ಐದಡಿಗಿಂತ ಒಂದೆರಡು ಅಂಗುಲ ಹೆಚ್ಚಿರಬಹುದು. ಸೀಟು ಯಾರಿಗಾಗಿ ಮುಂದೆ ಬಂದಿತ್ತೆಂದು ಲೊರೇನ್‌ಗೆ ಕೂಡಲೇ ತಿಳಿಯಿತು. ಇಡೆಲ್ಲಾಳ ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯಿತ್ತು.

"ಇವ್ರು ಬರ್ಲಿ ಅಂತಲೇ ಆ ಚಿತ್ರದ ಮಾತು ಹಾಕಿಸ್ದೆ ನಾನು," ಎಂದಳು ಇಡೆಲ್ಲಾ. ಆಮೇಲೆ ತೆರೇಸಾಳ ಕಡೆ ತಿರುಗಿದಳು. "ನಿಮ್ಮ ಹುಬ್ಬು ಅವರ ಹಾಗೇ ಇದೆ."

"ಕಾಜ್ ಎಲ್ಲಿ?"

"ಫೆಬ್ರವರೀಲಿ ಹೋಗ್ಬಿಟ್ರು. ಎದೆ ನೋವು ಅಂದ್ರು. ಆಸ್ಪತ್ರೆ ಮುಟ್ಟೋಕೆ ಆಗ್ಲಿಲ್ಲ. ಚರ್ಚಿನ ಹಿಂದೆ ಮಲಗಿದ್ದಾರೆ. ಮೂವತ್ತು ವರ್ಷ ನನ್ನ ಗಂಡ. ಈ ಊರಿಗೆಲ್ಲ ಅವರು ಚಾರ್ಲಿ ಗೋಫೋರ್ತ್. ಯಾರ ಮನೆ ಪಂಪ್ ಕೆಟ್ರೂ ಅವರೇ ಬೇಕು."

ತೆರೇಸಾ ಕಾರಿನ ಮೇಲೆ ಕೈಯೂರಿದಳು. ಈ ಸಲ ಕೈ ಒರೆಸಿಕೊಳ್ಳಿ ಎಂದು ಹಾರ್ಲನ್ ಹೇಳಲಿಲ್ಲ.

ಮೂವತ್ತು ವರ್ಷ ಬದುಕಿದ್ದ. ಒಂದು ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಮುಟ್ಟುವಷ್ಟು ಹತ್ತಿರದಲ್ಲಿ. ಅಮ್ಮ ಪ್ರತಿ ಕ್ರಿಸ್ಮಸ್ ಹಿಂದಿನ ದಿನ ಅವನ ಹೆಸರಲ್ಲಿ ತಟ್ಟೆಯಿಟ್ಟು, ಖಾಲಿ ಕುರ್ಚಿ ನೋಡುತ್ತ, ಹಾಗೆ ನೋಡುತ್ತಲೇ ಸತ್ತಳು. ತೆರೇಸಾಳ ಬಾಯಿಂದ ಅಳುವೂ ಬರಲಿಲ್ಲ. ಮೂರು ತಿಂಗಳು. ಬರೀ ಮೂರು ತಿಂಗಳು ತಡವಾಗಿತ್ತು.

"ಯಾಕೆ ಬರ್ಲಿಲ್ಲ ಮನೇಗೆ?" ಕೊನೆಗೆ ಕೇಳಿದಳು. "ನಾವೇನ್ ಮಾಡಿದ್ವಿ ಅವನಿಗೆ?"

ಹಾರ್ಲನ್ ಬಾಯಿ ತೆರೆದ. ಇಡೆಲ್ಲಾ ಕೈ ಎತ್ತಿ ತಡೆದಳು.

"ಅವತ್ತು ರಾತ್ರಿ ನದಿ ಒಡ್ಡಿನ ಮೇಲಿನ ರಸ್ತೇಲಿ ಅವರ ಗಾಡಿ ಯಾರಿಗೋ ಬಡೀತು. ಕುಡಿದಿದ್ರು. ಜೊತೇಲಿ ಒಬ್ಬ ಸ್ನೇಹಿತ ಇದ್ದ. ಅವನೇ ಇಳಿದು ಹಿಂದೆ ಹೋಗಿ ನೋಡಿ ಬಂದ. ಸತ್ತೋಗಿದ್ದಾನೆ, ನೀನ್ ಓಡು, ಮಿಕ್ಕಿದ್ದು ನಾನ್ ನೋಡ್ಕೋತೀನಿ ಅಂದನಂತೆ. ಬೆಳಗಾಗೋ ಹೊತ್ತಿಗೆ ನಾನ್ ಕೆಲಸ ಮಾಡ್ತಿದ್ದ ಹೋಟೆಲ್ ಹಿಂದೆ ಬಂದು ನಿಂತಿದ್ರು. ಆಗ್ಲೇ ನಮಗೆ ಪರಿಚಯ ಇತ್ತು; ಇನ್ನು ಸ್ಟಿಯರಿಂಗ್ ಮುಟ್ಟಲ್ಲ ಅಂದ್ರು. ನಾನೇ ಓಡಿಸ್ಕೊಂಡು ಅಣ್ಣನ ಮನೆಗೆ ಕರ್ಕೊಂಡ್ ಬಂದೆ."

"ಯಾರು ಆ ಸ್ನೇಹಿತ?" ಲೊರೇನ್ ಕೇಳಿದಳು.

"ಹೆಸರು ಹೇಳ್ಲೇ ಇಲ್ಲ. ಅವನು ನನ್ನ ಉಳಿಸ್ದೋನು, ಅವನ ಹೆಸರು ಬಾಯಿಗೆ ತರಲ್ಲ ಅಂತ ಮಾತು ಕೊಟ್ಟಿದ್ದೀನಿ ಅಂತಿದ್ರು. ಸಾಯೋ ತನಕ ಅದೇ ಮಾತು." ಅವಳು ಡಬ್ಬಿಯ ಮುಚ್ಚಳ ತೆಗೆದಳು. "ವಾರ ಕಳೆದ್ಮೇಲೆ ತಡೀಲಾರ್ದೆ ನಿಮಗೆ ಬರೆದ್ರು. ಆ ಮನುಷ್ಯ ಬದುಕಿದ್ದಾನಾ ಅಂತ. ಬಂದ ಉತ್ತರ ಇದು."

ಟೈಪ್ ಮಾಡಿದ ಅರ್ಧ ಹಾಳೆ. ಹಳದಿಗಟ್ಟಿತ್ತು. ಲೊರೇನ್ ಗಟ್ಟಿಯಾಗಿ ಓದಿದಳು.

"ಅವನು ಸತ್ತ. ಪೊಲೀಸರು ಮನೆ ಕಾಯುತ್ತಿದ್ದಾರೆ. ಬರಬೇಡ, ಫೋನ್ ಮಾಡಬೇಡ. ಅಮ್ಮ ನಿನ್ನ ಹೆಸರೆತ್ತಬಾರದೆಂದು ಹೇಳಿದ್ದಾಳೆ. ಬರೆಯಲೇಬೇಕಿದ್ದರೆ ಕೆಳಗಿನ ಅಂಚೆ ಪೆಟ್ಟಿಗೆಗೆ ಬರೆ. ತೆರೇಸಾ."

"ನಾನಲ್ಲ," ಎಂದಳು ತೆರೇಸಾ. "ಇದು ನಾನಲ್ಲ. ಅಮ್ಮ ಯಾವತ್ತೂ ಹಾಗನ್ಲಿಲ್ಲ. ನಂಗೆ ಒಂದು ಪತ್ರಾನೂ ಬರ್ಲಿಲ್ಲ."

"ಹನ್ನೊಂದು ಉತ್ತರ ಇದೆ ಇದ್ರಲ್ಲಿ," ಎಂದಳು ಇಡೆಲ್ಲಾ. "ಕೊನೇದು ಮಾರ್ಚ್‌ನಲ್ಲಿ ಬಂತು. ಅವರು ಹೋಗಿದ್ದನ್ನ ನಾನು ತಿಳಿಸಿದ್ದೆ. ಎಲ್ಲಿ ಮಣ್ಣು ಮಾಡಿದ್ರಿ ಅಂತ ಒಂದು ಮಾತಿಲ್ಲ. ಕಾರು ಸುಟ್ಟುಬಿಡಿ, ಗುರುತು ಉಳಿಯಬಾರದು, ಅಷ್ಟೇ. ಒಡಹುಟ್ಟಿದೋಳು ಹೀಗೆ ಬರೀತಾಳಾ ಅಂತ ಅವತ್ತು ಮೊದಲನೇ ಸಲ ಅನುಮಾನ ಬಂತು."

ಹಾರ್ಲನ್ ನಿಧಾನವಾಗಿ ಬಾಗಿಲು ಬಿಟ್ಟು ಬಂದು ಮರದ ಪೆಟ್ಟಿಗೆಯೊಂದರ ಮೇಲೆ ಕೂತ. "ದಿನಾ ಒರೆಸ್ತಿದ್ದ," ಎಂದ ಯಾರಿಗೂ ಅಲ್ಲದಂತೆ. "ಓಡಿಸು ಅಂದ್ರೆ ಓಡಿಸಲ್ಲ. ಮಾರು ಅಂದ್ರೆ, ಒಬ್ಬನ ಜೀವ ತೆಗೆದಿರೋ ಗಾಡಿ ಭಾವ, ಇದನ್ನ ಮಾರೋ ಹಕ್ಕೂ ನಂಗಿಲ್ಲ, ಹಾಳು ಮಾಡೋ ಹಕ್ಕೂ ಇಲ್ಲ ಅಂತಿದ್ದ."

ಲೊರೇನ್ ಟಾರ್ಚ್ ಹಿಡಿದು ಮತ್ತೆ ಕಾರಿನ ಮೂತಿಯ ಮುಂದೆ ಮಂಡಿಯೂರಿದಳು. ಸ್ವಲ್ಪ ಹೊತ್ತಿನ ಹಿಂದೆ ಕೆಳಗೆ ಮಲಗಿದ್ದಾಗ ಕಂಡದ್ದನ್ನು ಇನ್ನೊಮ್ಮೆ ಕಾಣಬೇಕಿತ್ತು. ಈಗ ಅದರ ಅರ್ಥವೇ ಬೇರೆಯಾಗಿತ್ತು.

"ಇಡೆಲ್ಲಾ, ಈ ಕಾರಿನ ಮುಂಭಾಗ ಯಾವಾಗಾದ್ರೂ ರಿಪೇರಿ ಮಾಡ್ಸಿದ್ರಾ? ಬಣ್ಣ?"

"ಇಲ್ಲ. ಒರೆಸೋದು ಬಿಟ್ರೆ ಯಾರೂ ಮುಟ್ಟಿಲ್ಲ."

"ಇಲ್ಲಿ ಬನ್ನಿ. ನೀವೂ ಬನ್ನಿ ಗೋಫೋರ್ತ್. ಇದು ತಗಡಲ್ಲ, ಫೈಬರ್. ತಗಡು ತಗ್ಗಾಗುತ್ತೆ, ಬಡಿದು ಸರಿ ಮಾಡ್ಬಹುದು. ಇದು ಒಡೆಯುತ್ತೆ. ದೊಡ್ಡ ನಾಯಿ ಬಡಿದ್ರೂ ಸಾಕು, ಸೀಳು ಬಿಡುತ್ತೆ. ತೇಪೆ ಹಾಕಿದ್ರೆ ಒಳಗಿಂದ ಕಾಣ್ಸುತ್ತೆ." ಅವಳು ಬೆಳಕನ್ನು ಒಳಮೈಯ ಉದ್ದಕ್ಕೂ ಎಳೆದಳು. ಕಾರ್ಖಾನೆಯ ಹೊಲಿಗೆಯಂಥ ಕೂಡುಗೆರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾಗಿತ್ತು. "ಒಂದು ಕೂದಲೆಳೆ ಬಿರುಕಿಲ್ಲ. ಕಾಜ್‌ನ ಹುಡುಕ್ತಾ ಆ ತಿಂಗಳ ಪೊಲೀಸ್ ದಾಖಲೆ ಪೂರ್ತಿ ಓದಿದ್ದೀನಿ. ಒಡ್ಡಿನ ರಸ್ತೇಲಿ ಯಾರೂ ಸತ್ತಿಲ್ಲ. ಗಾಯಾನೂ ಆಗಿಲ್ಲ."

ಅವಳು ಟಾರ್ಚ್ ಆರಿಸಿದಳು.

"ಈ ಕಾರು ಯಾರಿಗೂ ಬಡಿದಿಲ್ಲ," ಎಂದಳು ಲೊರೇನ್. "ಇಳಿದು ನೋಡಿ ಬಂದೋನು ಸುಳ್ಳು ಹೇಳ್ದ."

ಇಡೆಲ್ಲಾ ಡಬ್ಬಿಯನ್ನು ಅಪ್ಪಿಕೊಂಡು ನಿಂತಲ್ಲೇ ಕುಸಿದಳು. ಹಾರ್ಲನ್ ಎದ್ದು ಹಿಡಿಯುವಷ್ಟರಲ್ಲಿ ತೆರೇಸಾ ಹಿಡಿದಿದ್ದಳು. "ನಿದ್ದೇಲಿ ಕೂಗ್ತಿದ್ರು ಅಕ್ಕಾ," ಎಂದು ಇಡೆಲ್ಲಾ ಅವಳ ಭುಜದಲ್ಲಿ ಮುಖವಿಟ್ಟು ಹೇಳಿದಳು. "ಕ್ಷಮಿಸಪ್ಪಾ, ಕ್ಷಮಿಸಪ್ಪಾ ಅಂತ. ಮೂವತ್ತು ವರ್ಷ. ಯಾರನ್ನ ಕೇಳ್ತಿದ್ರು ಕ್ಷಮೆ? ಯಾರೂ ಇರ್ಲೇ ಇಲ್ವಾ ಅಲ್ಲಿ?"

ತೆರೇಸಾ, ಹಾರ್ಲನ್ ಇಬ್ಬರೂ ಸೇರಿ ಅವಳನ್ನು ಅಡುಗೆಮನೆಗೆ ಕರೆದೊಯ್ದರು. ಹಾರ್ಲನ್ ಕಾಫಿ ಬಗ್ಗಿಸಿ ಎಲ್ಲರ ಮುಂದೆ ಇಟ್ಟ. ತೆರೇಸಾಳ ಮುಂದೆ ಇಡುವಾಗ, "ತಪ್ಪಾಯ್ತಮ್ಮ. ಬಾಯಿಗೆ ಬಂದಂಗೆ ಅಂದ್ಬಿಟ್ಟೆ," ಎಂದ. ಅವಳು ತಲೆಯಾಡಿಸಿದಳು. ಗೋಡೆಯ ಮೇಲಿನ ಫೋಟೋದಲ್ಲಿ ನರೆತ ಗಡ್ಡದ ಕಾಜ್ ಒಂದು ದೊಡ್ಡ ಮೀನು ಎತ್ತಿ ಹಿಡಿದು ನಗುತ್ತಿದ್ದ. ಅವಳ ಕಣ್ಣು ಅಲ್ಲೇ ನೆಟ್ಟಿತ್ತು.

ಲೊರೇನ್ ಹನ್ನೊಂದೂ ಲಕೋಟೆಗಳನ್ನು ಮೇಜಿನ ಮೇಲೆ ಹರಡಿದಳು. ಎಲ್ಲಕ್ಕೂ ಗ್ರಾನಿಟ್ ಸಿಟಿಯ ಅಂಚೆ ಮುದ್ರೆ. ಎಲ್ಲದರ ಟೈಪಿನಲ್ಲೂ ಒಂದೇ ಅಕ್ಷರ ಸ್ವಲ್ಪ ಮೇಲಕ್ಕೆ ಹಾರಿತ್ತು. ಒಬ್ಬನೇ ಮನುಷ್ಯ, ಒಂದೇ ಯಂತ್ರ.

"ಕಾಜ್‌ನ ಮೊದಲ ಪತ್ರ ಅಂಚೆ ಪೆಟ್ಟಿಗೆಗಲ್ಲ, ನಿಮ್ಮ ಮನೆಗೇ ಬಂದಿರ್ಬೇಕು. ಆಗ ಮನೇಲಿ ಯಾರ್ಯಾರಿದ್ರಿ ತೆರೇಸಾ?"

"ಅಮ್ಮ, ನಾನು, ನನ್ನ ಗಂಡ ಲೆನ್. ಆಗಿನ್ನೂ ನಮ್ಮ ಮದುವೆಯಾಗಿ ಎರಡು ತಿಂಗಳು. ಅಮ್ಮನಿಗೆ ಇಂಗ್ಲಿಷ್ ಓದೋಕೆ ಬರ್ತಿರ್ಲಿಲ್ಲ. ನಾನು ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೋಗ್ಬಿಡ್ತಿದ್ದೆ." ಹೇಳುತ್ತ ಹೇಳುತ್ತ ಅವಳಿಗೆ ಬೇರೇನೋ ನೆನಪಾಯಿತು. ಒಮ್ಮೆಲೇ ಎದ್ದಳು. "ಅಯ್ಯೋ, ಲೆನ್‌ಗೆ ಹೇಳ್ಬೇಕು ನಾನು. ಕಣ್ಣಿನ ಡಾಕ್ಟರ ಹತ್ರ ಸೇಂಟ್ ಲೂಯಿಸ್‌ಗೆ ಹೋಗ್ತೀನಿ ಅಂತ ಹೇಳಿ ಬಂದಿದ್ದೀನಿ. ಕಾಜ್ ಅಂದ್ರೆ ಅವರಿಗೆ ಪ್ರಾಣ. ಇಬ್ಬರೂ ಕಾರ್ಖಾನೇಲಿ ಒಂದೇ ಕುಲುಮೆ ಹತ್ರ ಕೆಲಸ ಮಾಡ್ತಿದ್ರು."

"ಸ್ವಲ್ಪ ತಡೀರಿ ತೆರೇಸಾ," ಎಂದಳು ಲೊರೇನ್. "ಈಗ್ಲೇ ಬೇಡ."

ಆದರೆ ತೆರೇಸಾ ಆಗಲೇ ಗೋಡೆಯ ಫೋನೆತ್ತಿ ನಂಬರ್ ಒತ್ತಿದ್ದಳು. ಲೊರೇನ್ ಮೇಜು ಸುತ್ತಿ ಹೋಗುವ ಹೊತ್ತಿಗೆ ಆ ಕಡೆ ಎತ್ತಿಯಾಗಿತ್ತು.

"ಲೆನ್, ನಾನು. ಇಲ್ಲ, ಇಲ್ಲ, ಏನಾಗಿಲ್ಲ ನಂಗೆ. ಕಾಜ್‌ದು ಗೊತ್ತಾಯ್ತು ಲೆನ್. ಅವನು ಇಷ್ಟು ವರ್ಷ..." ಅಲ್ಲಿಯವರೆಗೆ ತಡೆದಿದ್ದ ಅಳು ಒಡೆದು ಬಂತು. "ಅವನ ಕಾರ್ ಇಲ್ಲೇ ಇದೆ. ನಾನು ಈಗ ನೋಡ್ದೆ."

ಆ ಕಡೆಯಿಂದ ಚಿಕ್ಕದಾಗಿ ಏನೋ ಹೇಳಿದ್ದು ಕೇಳಿಸಿತು. ತೆರೇಸಾ "ಹೂಂ, ಹೂಂ," ಎಂದಳು. ಫೋನ್ ಇಟ್ಟು ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಬರ್ತಾರಂತೆ. ಈಗ್ಲೇ ಹೊರಟ್ರು. ತಾವು ಬರೋ ತನಕ ಯಾರ ಹತ್ರಾನೂ ಏನೂ ಮಾತಾಡ್ಬೇಡ ಅಂದ್ರು."

ಲೊರೇನ್ ಅವಳ ಕೈ ಹಿಡಿದು ಮೆಲ್ಲಗೆ ಕುರ್ಚಿಯ ಮೇಲೆ ಕೂರಿಸಿದಳು.

"ತೆರೇಸಾ, ಇಲ್ಲಿಗೆ ದಾರಿ ಹೇಗೆ ಅಂತ ಅವರಿಗೆ ಹೇಳಿದ್ರಾ?"

"ಇಲ್ಲ. ಅವರು..." ತೆರೇಸಾ ತಡೆದಳು. ಕಾಫಿಯ ಕಡೆ ಚಾಚಿದ ಕೈ ಅಲ್ಲೇ ನಿಂತಿತು. "ಅವರು ಕೇಳ್ಲಿಲ್ಲ."